ಸೈಕಲ್ ಚೈನಿಗೆ ಎಣ್ಣೆ: ಯಾವುದು, ಎಷ್ಟು, ಎಲ್ಲಿಗೆ

ಎಣ್ಣೆಯಿಂದ ಮಿರಮಿರ ಮಿಂಚುವ ಚೈನು ಕಂಡರೆ ಸೈಕಲ್ಲನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಅನ್ನಿಸುತ್ತದೆ. ಅಂಥ ಚೈನೇ ಬೇಗ ಸವೆಯುವುದು. ಚೈನಿಗೆ ಎಣ್ಣೆ ಬೇಕಿರುವುದು ಒಳಗೆ. ಹೊರಮೈಯಲ್ಲಿ ತುಕ್ಕು ತಡೆಯುವಷ್ಟು ತೆಳು ಪದರ ಉಳಿದರೆ ಸಾಕು, ಅದಕ್ಕಿಂತ ಹೆಚ್ಚಿಗೆ ಉಳಿದದ್ದೆಲ್ಲ ಧೂಳು ಹಿಡಿಯುವ ಅಂಟು. ಯಾವ ಎಣ್ಣೆ ಕೊಳ್ಳಬೇಕು ಅನ್ನುವ ಚರ್ಚೆ ಇದಾದ ಮೇಲಿನದು.

ಒಂದು ಕೊಂಡಿಯನ್ನು ಹತ್ತಿರದಿಂದ ನೋಡಿ. ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹಾಲಿನ ಕ್ಯಾನು ಹೊರುವ ಹಳೆ ಸೈಕಲ್ಲಿಗೂ 12 ಗೇರಿನ ರೇಸ್ ಸೈಕಲ್ಲಿಗೂ ಈ ಅಳತೆ ಒಂದೇ, ಬದಲಾಗುವುದು ಅಗಲ ಮಾತ್ರ. ಒಂದು ಒಳಕೊಂಡಿ, ಒಂದು ಹೊರಕೊಂಡಿ, ಹೀಗೆ ಸರದಿಯಲ್ಲಿ ಸಾಗುತ್ತದೆ. ಪಿನ್ನು ಹೊರಪ್ಲೇಟುಗಳಲ್ಲಿ ಬಿಗಿಯಾಗಿ ಕೂತಿರುತ್ತದೆ, ಅದರ ಸುತ್ತ ಒಳಕೊಂಡಿ ತಿರುಗುತ್ತದೆ, ಒಳಕೊಂಡಿಯ ಮೇಲೆ ರೋಲರು ಉರುಳುತ್ತದೆ. ಮ್ಯಾಂಚೆಸ್ಟರಿನಲ್ಲಿ ಕಾರ್ಖಾನೆ ನಡೆಸುತ್ತಿದ್ದ ಹಾನ್ಸ್ ರೆನಾಲ್ಡ್ 1880ರಲ್ಲಿ ಪೇಟೆಂಟ್ ಪಡೆದ ಚೈನಿನಲ್ಲಿ ಪಿನ್ನಿಗೂ ರೋಲರಿಗೂ ನಡುವೆ ಬುಷ್ ಎಂಬ ಪ್ರತ್ಯೇಕವಾದ ಪುಟ್ಟ ಕೊಳವೆ ಇತ್ತು. ಈಗಿನ ಗೇರು ಚೈನುಗಳಲ್ಲಿ ಆ ಬುಷ್ ಇಲ್ಲ. ಎರಡು ಒಳಪ್ಲೇಟುಗಳ ತೂತಿನ ಅಂಚನ್ನೇ ಒಳಮುಖವಾಗಿ ಕಾಲರಿನ ಹಾಗೆ ಎಬ್ಬಿಸಿ, ಎರಡೂ ಸೇರಿ ಬುಷ್ ಕೆಲಸ ಮಾಡುವಂತೆ ಮಾಡಿದ್ದಾರೆ. ಎರಡು ಕಾಲರುಗಳ ನಡುವೆ ಸಣ್ಣ ಸಂದು ಉಳಿಯುತ್ತದೆ. ಎಣ್ಣೆ ಪಿನ್ನಿನವರೆಗೆ ಇಳಿಯುವುದು ಆ ಸಂದಿನಿಂದ. ಮಣ್ಣು ಇಳಿಯುವುದೂ ಅಲ್ಲಿಂದಲೇ.

ಚೈನು ಹಲ್ಲಿನ ಮೇಲೆ ಹತ್ತುವಾಗ, ಇಳಿಯುವಾಗ ಪ್ರತಿ ಕೊಂಡಿ ಮಡಚಬೇಕು. 11 ಹಲ್ಲಿನ ಚಿಕ್ಕ ಸ್ಪ್ರಾಕೆಟ್ಟಿನಲ್ಲಿ, ಅಂದರೆ ಹಲ್ಲುಚಕ್ರದಲ್ಲಿ, ಆ ಮಡಿಕೆ ಸುಮಾರು 33 ಡಿಗ್ರಿ, 22 ಹಲ್ಲಿನದರಲ್ಲಿ 16 ಚಿಲ್ಲರೆ. ಸದಾ ಚಿಕ್ಕ ಹಲ್ಲಿನಲ್ಲೇ ತುಳಿಯುವವರ ಚೈನು ಬೇಗ ಹೋಗುವುದಕ್ಕೆ ಇದೂ ಒಂದು ಕಾರಣ. ಕಾಲಿನ ಬಲವೆಲ್ಲ ಹೇರಿರುವಾಗ ಪಿನ್ನು ಕಾಲರಿನೊಳಗೆ ಉಜ್ಜಿಕೊಳ್ಳುತ್ತದೆ. ನಡುವೆ ಎಣ್ಣೆ ಇದ್ದರೆ ಜಾರುತ್ತದೆ, ಮರಳಿದ್ದರೆ ತೇಯುತ್ತದೆ. ಎಣ್ಣೆ, ಮರಳು ಎರಡೂ ಇದ್ದರೆ ಗ್ಯಾರೇಜಿನವರು ವಾಲ್ವ್ ಕೂರಿಸಲು ಬಳಸುವ ಗ್ರೈಂಡಿಂಗ್ ಪೇಸ್ಟ್ ತಯಾರಾದ ಹಾಗೆ.

"ಚೈನು ಹಿಗ್ಗಿದೆ" ಎಂದು ಮೆಕ್ಯಾನಿಕ್ ಹೇಳುವುದು ಈ ಸವೆತವನ್ನೇ. ಪ್ಲೇಟುಗಳು ಹಿಗ್ಗುವುದಿಲ್ಲ. ಪ್ರತಿ ಪಿನ್ನಿನ ಬಳಿ 0.06 ಮಿ.ಮೀ.ನಷ್ಟು ಲೋಹ ತೇದರೆ ಸಾಕು, ಇಡೀ ಚೈನು ಶೇ. 0.5ರಷ್ಟು ಉದ್ದವಾಗುತ್ತದೆ. 11 ಅಥವಾ 12 ಗೇರಿನ ಚೈನಿನ ಆಯುಷ್ಯ ಅಲ್ಲಿಗೆ ಮುಗಿಯಿತು.

ಎಣ್ಣೆ ಹಾಕಿದರೆ ಸೈಕಲ್ ಹಗುರವಾಗಿ ಓಡುತ್ತದೆ ಅನ್ನುವ ನಂಬಿಕೆಯ ಬಗ್ಗೆಯೂ ಒಂದು ಮಾತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸ್ಪೈಸರ್ ಮತ್ತು ಸಂಗಡಿಗರು 1999ರ ಸುಮಾರಿಗೆ ಚೈನಿನ ದಕ್ಷತೆ ಅಳೆದರು. ಅತಿ ಕಡಿಮೆ ಶೇ. 81, ಅತಿ ಹೆಚ್ಚು ಶೇ. 98.6 ಬಂತು. ವ್ಯತ್ಯಾಸಕ್ಕೆ ಮುಖ್ಯ ಕಾರಣ ಚೈನಿನ ಬಿಗಿತ ಮತ್ತು ಸ್ಪ್ರಾಕೆಟ್ಟಿನ ಗಾತ್ರ. ಧೂಳಿಲ್ಲದ ಪ್ರಯೋಗಾಲಯದಲ್ಲಿ ಯಾವ ಎಣ್ಣೆ ಹಾಕಿದರೂ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಸಂದಿನಲ್ಲಿ ಜಾಗ ಹಿಡಿದು ಕೂತು ಕಸ ಒಳಬರದಂತೆ ತಡೆಯುವುದೇ ಎಣ್ಣೆಯ ದೊಡ್ಡ ಕೆಲಸವಿರಬಹುದು ಎಂದು ಅವರು ತೀರ್ಮಾನಿಸಿದರು. ಪ್ರಯೋಗಾಲಯದಲ್ಲಿ ಮಳೆ ಇಲ್ಲ, ತುಕ್ಕಿಲ್ಲ, ತಿಂಗಳುಗಟ್ಟಲೆ ತುಳಿತವೂ ಇಲ್ಲ, ಹಾಗಾಗಿ ಎಣ್ಣೆಯೇ ಬೇಡ ಎಂದು ಇದರ ಅರ್ಥವಲ್ಲ. ಆದರೆ ಬಾಟಲಿ ಮೇಲೆ "ಇಷ್ಟು ವ್ಯಾಟ್ ಉಳಿತಾಯ" ಎಂದು ಬರೆದದ್ದನ್ನು ನೋಡಿ ದುಬಾರಿ ಎಣ್ಣೆ ಕೊಳ್ಳುವ ಮೊದಲು ನೆನಪಿಗೆ ಬರಲಿ.

ಮನೆಯಲ್ಲಿ, ಅಂಗಡಿಯಲ್ಲಿ ಸಿಗುವುದರ ಪೈಕಿ

ಗ್ರೀಸು ಬೇಡ. ಅದು ಬೇರಿಂಗಿನದು. ಸಂದಿನೊಳಗೆ ಇಳಿಯದಷ್ಟು ಗಟ್ಟಿ, ಹೊರಗೆ ಮಾತ್ರ ಮೆತ್ತಿಕೊಂಡು ಒಂದು ವಾರದಲ್ಲಿ ಕರಿ ಉಂಡೆಯಾಗುತ್ತದೆ. ಹೊಸ ಚೈನಿನ ಮೇಲಿರುವ ಜಿಡ್ಡಿನ ಮಾತು ಬೇರೆ. ಅದನ್ನು ಕಾರ್ಖಾನೆಯಲ್ಲೇ ಒಳಗೆ ಇಳಿಯುವಂತೆ ಹಾಕಿರುತ್ತಾರೆ, ಒಳ್ಳೆಯ ಲೂಬ್ರಿಕೆಂಟ್ ಅದು. ಹೊಸ ಚೈನನ್ನು ತೊಳೆಯಲು ಹೋಗದೆ ಹೊರಮೈಯನ್ನಷ್ಟೇ ಸೀಮೆಎಣ್ಣೆ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ಓಡಿಸಿ. ಎಣ್ಣೆಯ ಬದಲು ಮೇಣ ಬಳಸುವವರು (ಅದರ ಮಾತು ಮುಂದಿದೆ) ಮಾತ್ರ ಅದನ್ನು ಪೂರ್ತಿ ತೆಗೆಯಬೇಕು.

ಗ್ಯಾರೇಜಿನ ವೇಸ್ಟ್ ಆಯಿಲ್ ಪುಕ್ಕಟೆ ಸಿಗುತ್ತದೆ, ಅದಕ್ಕೇ ಪಂಕ್ಚರ್ ಅಂಗಡಿಗಳಲ್ಲಿ ಅದರ ಡಬ್ಬಿ ಇರುತ್ತದೆ. ಎಂಜಿನ್ನಿನ ಲೋಹದ ಪುಡಿ, ಮಸಿ ಎಲ್ಲ ಅದರಲ್ಲಿ ಬೆರೆತಿರುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಹೊಸ ಎಂಜಿನ್ ಆಯಿಲ್ ಆದರೆ ನಡೆಯುತ್ತದೆ. ಹನಿಹನಿಯಾಗಿ ಹಾಕಿ, ರಾತ್ರಿಯಿಡೀ ಬಿಟ್ಟು ಗಟ್ಟಿಯಾಗಿ ಒರೆಸಿದರೆ, ಮಳೆಗಾಲದಲ್ಲಿ ಗೇರಿಲ್ಲದ ಸೈಕಲ್ಲಿಗೆ ಅದು ಅಗ್ಗದ, ಮರ್ಯಾದಸ್ಥ ಆಯ್ಕೆ. ಹೊಲಿಗೆ ಮಿಷಿನ್ ಎಣ್ಣೆ ಬಹಳ ತೆಳು. ಚೆನ್ನಾಗಿ ಒಳಗಿಳಿಯುತ್ತದೆ, ಅಷ್ಟೇ ಬೇಗ ಖಾಲಿಯೂ ಆಗುತ್ತದೆ, ಒಂದು ಜೋರು ಮಳೆಗೆ ನಿಲ್ಲುವುದಿಲ್ಲ. ದಿನಕ್ಕೆ ನಾಲ್ಕೈದು ಕಿಲೋಮೀಟರ್ ಒಣ ರಸ್ತೆಯಲ್ಲಿ ಶಾಲೆಗೋ ಅಂಗಡಿಗೋ ಹೋಗುವ ಸೈಕಲ್ಲಿಗೆ ವಾರಕ್ಕೊಮ್ಮೆ ಹಾಕುತ್ತಿದ್ದರೆ ಸಾಕಾಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ, ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿಗೆ ಅದು ಚೈನಿನ ಮೇಲೆ ಬಿಳಿ ಪದರ. ಹರಳೆಣ್ಣೆ, ಅಡುಗೆ ಎಣ್ಣೆಗಳು ಗಾಳಿಗೆ ಅಂಟಾಗುತ್ತ ಹೋಗುತ್ತವೆ.

ನೀಲಿ-ಹಳದಿ ಡಬ್ಬಿಯ ಡಬ್ಲ್ಯೂಡಿ-40 ಬಗ್ಗೆ ಜಗಳ ಮುಗಿಯುವುದೇ ಇಲ್ಲ. ಅದು 1953ರಲ್ಲಿ ಲೋಹದ ಮೇಲಿನ ನೀರನ್ನು ಹೊರದೂಡಲು ಮಾಡಿದ ದ್ರಾವಣ. ಬಹುಪಾಲು ಆವಿಯಾಗಿ ಹೋಗುತ್ತದೆ, ಉಳಿಯುವುದು ತೀರ ತೆಳು ಎಣ್ಣೆ. ಚೈನನ್ನು ಅದು ಹಾಳು ಮಾಡುವುದಿಲ್ಲ. ಇದ್ದ ಎಣ್ಣೆಯನ್ನು ಕರಗಿಸಿ ತೊಳೆದುಬಿಡುತ್ತದೆ, ಅದರ ಜಾಗಕ್ಕೆ ಬೇರೆ ಹಾಕದಿದ್ದರೆ ಪಿನ್ನು ಒಣಗುತ್ತದೆ. ಮಳೆಯಲ್ಲಿ ನೆಂದು ಬಂದ ಚೈನಿನಿಂದ ನೀರು ಓಡಿಸಲು ಬಳಸಿ, ಒರೆಸಿ, ಆಮೇಲೆ ಸರಿಯಾದ ಎಣ್ಣೆ ಹಾಕಿ. ಅದೇ ಕಂಪನಿ ಸೈಕಲ್ಲಿಗೆಂದೇ ಬೇರೆ ಚೈನ್ ಲೂಬ್ ಮಾರುತ್ತದೆ, ಅದು ಇದಲ್ಲ. ಬೈಕಿನ ಚೈನ್ ಸ್ಪ್ರೇ ಅಂಟಂಟಾಗಿರುತ್ತದೆ, ವೇಗಕ್ಕೆ ಸಿಡಿದು ಹೋಗದಿರಲೆಂದು ಹಾಗೆ ಮಾಡಿರುತ್ತಾರೆ. ಸೈಕಲ್ಲಿಗೆ ಅದರ ಅಗತ್ಯವಿಲ್ಲ. ಸ್ಪ್ರೇ ಯಾವುದೇ ಇರಲಿ, ಡಿಸ್ಕ್ ಬ್ರೇಕ್ ಇರುವ ಸೈಕಲ್ಲಿನ ಹತ್ತಿರ ತರಬೇಡಿ. ಡಿಸ್ಕಿನ ಮೇಲೆ ಒಂದು ತುಂತುರು ಬಿದ್ದರೂ ಪ್ಯಾಡು ಎಣ್ಣೆ ಕುಡಿದು ಬ್ರೇಕು ಕಿರುಚುತ್ತದೆ, ಹಿಡಿಯುವುದಿಲ್ಲ. ಬಹಳ ಸಲ ಪ್ಯಾಡು ಬದಲಿಸುವುದೊಂದೇ ದಾರಿ.

ವೆಟ್, ಡ್ರೈ, ಮೇಣ

ಸೈಕಲ್ ಅಂಗಡಿಯಲ್ಲಿ ಸಿಗುವ ಚೈನ್ ಲೂಬುಗಳನ್ನು ಮೂರು ಜಾತಿ ಮಾಡಬಹುದು.

ವೆಟ್ ಲೂಬ್ ಅಂದರೆ ಗಟ್ಟಿ ಎಣ್ಣೆ. ನೀರಿಗೆ ಬೇಗ ತೊಳೆದು ಹೋಗುವುದಿಲ್ಲ, ಕರಾವಳಿಯ ಉಪ್ಪುಗಾಳಿಗೂ ತುಕ್ಕು ತಡೆಯುತ್ತದೆ. ಧೂಳು ಹಿಡಿಯುವುದರಲ್ಲೂ ಇದೇ ಮುಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಸಕಲೇಶಪುರ, ಮಂಗಳೂರು ಕಡೆ ಓಡುವ ಸೈಕಲ್ಲಿಗೆ ಬೇರೆ ಯೋಚನೆಯೇ ಬೇಡ. ಅದೇ ಎಣ್ಣೆಯನ್ನು ಮಾರ್ಚ್ ತಿಂಗಳಲ್ಲಿ ಹಾಕಿಕೊಂಡು ಹೊಲದ ಕಚ್ಚಾರಸ್ತೆಗೆ ಇಳಿದರೆ ಐವತ್ತು ಕಿಲೋಮೀಟರಿಗೆ ಚೈನು ಕಪ್ಪಾಗಿರುತ್ತದೆ.

ಡ್ರೈ ಲೂಬ್ ಬಾಟಲಿಯಲ್ಲಿ ನೀರಾಗಿರುತ್ತದೆ. ಮೇಣವನ್ನೋ ಅಂಥದೇ ಜಾರುವ ಪುಡಿಯನ್ನೋ ಆವಿಯಾಗುವ ದ್ರವದಲ್ಲಿ ಬೆರೆಸಿರುತ್ತಾರೆ, ದ್ರವ ಹಾರಿಹೋಗಿ ತೆಳು ಪದರ ಉಳಿಯುತ್ತದೆ. ಇದನ್ನು ಬಳಸುವವರು ಮಾಡುವ ತಪ್ಪು ಎರಡು. ಬಾಟಲಿ ಅಲ್ಲಾಡಿಸುವುದಿಲ್ಲ, ಸರಕೆಲ್ಲ ತಳದಲ್ಲೇ ಉಳಿದು ಮೇಲಿನ ತಿಳಿ ಮಾತ್ರ ಚೈನಿಗೆ ಬೀಳುತ್ತದೆ. ಇಲ್ಲವೇ ಹಾಕಿದ ಹತ್ತು ನಿಮಿಷಕ್ಕೆ ಹೊರಟುಬಿಡುತ್ತಾರೆ. ಒಣಗುವ ಮೊದಲೇ ಹೊರಟರೆ ಹಾಕಿದ್ದೂ ಸಿಡಿದು ಹೋಯಿತು, ಒದ್ದೆ ಮೈಗೆ ಧೂಳೂ ಹತ್ತಿತು. ಹಿಂದಿನ ರಾತ್ರಿಯೇ ಹಾಕಿಟ್ಟರೆ ಎರಡೂ ತಪ್ಪುತ್ತವೆ. ಬಾಳಿಕೆ ಕಡಿಮೆ: ಸುಮಾರು 100–150 ಕಿ.ಮೀ.ಗೆ ಮತ್ತೆ ಹಾಕಬೇಕು, ಮಳೆ ಬಿದ್ದರೆ ಆವತ್ತೇ. ಸೈಕ್ಲಿಂಗಿಗೆ ಹೆಸರಾದ ವಿಜಯಪುರ, ಬಾಗಲಕೋಟೆ ಕಡೆಯ ಬೇಸಿಗೆಗೆ, ಬೆಂಗಳೂರಿನ ಒಣ ಧೂಳಿಗೆ ಇದು ಹೊಂದುತ್ತದೆ.

ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಚೈನನ್ನು ಪೂರ್ತಿ ತೊಳೆದೇ ಬದಲಾಯಿಸಿ. ಹಳೆ ವೆಟ್ ಲೂಬಿನ ಮೇಲೆ ಡ್ರೈ ಹಾಕಿದರೆ ಎರಡೂ ಸೇರಿ ಒಣಗದ ಅಂಬಲಿಯಾಗುತ್ತವೆ.

ಮೂರನೆಯದು ಕರಗಿಸಿದ ಮೇಣದಲ್ಲಿ ಚೈನನ್ನು ಅದ್ದುವುದು. ಸವೆತ ತಡೆಯುವುದರಲ್ಲಿ ಇದಕ್ಕೆ ಸಾಟಿ ಕಡಿಮೆ, ಯಾಕೆಂದರೆ ತಣಿದ ಮೇಣ ಒಣಗಿ ಗಟ್ಟಿಯಾಗಿರುತ್ತದೆ, ಧೂಳು ಅಂಟುವುದಿಲ್ಲ, ಮುಟ್ಟಿದರೆ ಕೈಗೂ ಕಲೆಯಿಲ್ಲ. ಒಣ ರಸ್ತೆಯಲ್ಲಿ ಒಂದು ಅದ್ದಿಗೆ 300 ಕಿ.ಮೀ. ಆಸುಪಾಸು ಬರುತ್ತದೆ. ತೊಂದರೆ ಎಲ್ಲ ಮೊದಲ ಸಲದ ತೊಳೆತದಲ್ಲಿದೆ. ಸ್ವಲ್ಪ ಜಿಡ್ಡು ಉಳಿದಿದ್ದರೂ ಮೇಣ ಪಿನ್ನಿಗೆ ಕಚ್ಚುವುದಿಲ್ಲ.

ಅರ್ಧ ಕಿಲೋ ಪ್ಯಾರಾಫಿನ್ ಮೇಣ ಸಾಕು. ಮೇಣದಬತ್ತಿ ಮಾಡುವವರಿಗೆ ಮಾರುವ ಬಿಳಿ ಹಲಗೆ ತನ್ನಿ, ಬಣ್ಣ ಮತ್ತು ವಾಸನೆಯ ಬತ್ತಿಗಳು ಬೇಡ. ಒಂದು ಹಳೆ ಸ್ಟೀಲ್ ಡಬ್ಬಿಯಲ್ಲಿ ಮೇಣ ಹಾಕಿ, ಅದನ್ನು ನೀರಿರುವ ದೊಡ್ಡ ಪಾತ್ರೆಯೊಳಗಿಟ್ಟು ಬಿಸಿ ಮಾಡಿ. ಮೇಣದ ಡಬ್ಬಿಯನ್ನು ನೇರ ಉರಿಯ ಮೇಲೆ ಇಡಲೇಬಾರದು. ಪ್ಯಾರಾಫಿನ್ 50–60 ಡಿಗ್ರಿಗೆ ಕರಗುತ್ತದೆ, ಸುಮಾರು 200 ಡಿಗ್ರಿ ದಾಟಿದರೆ ಅದರ ಆವಿಗೆ ಬೆಂಕಿ ಹತ್ತಬಲ್ಲದು. ನೀರಿನ ಪಾತ್ರೆಯಲ್ಲಿಟ್ಟರೆ 100 ದಾಟುವ ಪ್ರಶ್ನೆಯೇ ಇಲ್ಲ. ತೊಳೆದು ಒಣಗಿಸಿದ ಚೈನನ್ನು ತಂತಿಗೆ ಪೋಣಿಸಿ ಇಳಿಬಿಡಿ. ಸಂದುಗಳಿಂದ ಗಾಳಿ ಗುಳ್ಳೆಗಳಾಗಿ ಏಳುತ್ತದೆ. ಹತ್ತು ನಿಮಿಷ ಬಿಟ್ಟು, ನಡುವೆ ನಾಲ್ಕಾರು ಸಲ ಅಲ್ಲಾಡಿಸಿ, ಗುಳ್ಳೆ ನಿಂತ ಮೇಲೆ ಉರಿ ಆರಿಸಿ. ತಕ್ಷಣ ಎತ್ತಿದರೆ ನೀರಾಗಿರುವ ಮೇಣ ಸಂದಿನಿಂದಲೂ ಸೋರಿಹೋಗುತ್ತದೆ. ಮೇಲ್ಮೈಯಲ್ಲಿ ಕೆನೆ ಕಟ್ಟಲು ಶುರುವಾದಾಗ ಎತ್ತಿ ನೇತುಹಾಕಿ. ತಣಿದ ಚೈನು ಕೋಲಿನಂತೆ ಸೆಟೆದು ನಿಲ್ಲುತ್ತದೆ. ಪೊರಕೆ ಹಿಡಿಯಂಥ ದುಂಡನೆಯ ಕೋಲಿನ ಮೇಲೆ ಹಾಯಿಸಿ ಒಂದೊಂದೇ ಕೊಂಡಿ ಮಡಚಿ ಬಿಡಿಸಿದ ಮೇಲೆ ಸೈಕಲ್ಲಿಗೆ ಹಾಕಿ. ಮೊದಲ ಕೆಲವು ಕಿಲೋಮೀಟರ್ ಬಿಳಿ ಚೂರು ಉದುರುತ್ತವೆ, ಗೇರು ಸ್ವಲ್ಪ ಬಿಗಿ ಅನ್ನಿಸುತ್ತದೆ. ಆಮೇಲೆ ಸರಿಹೋಗುತ್ತದೆ.

ಮಳೆಯಲ್ಲಿ ಮೇಣದ ಚೈನು ದುರ್ಬಲ. ನೆಂದು ಬಂದು ಹಾಗೇ ನಿಲ್ಲಿಸಿದರೆ ಬೆಳಗಾಗುವುದರಲ್ಲಿ ಪ್ಲೇಟಿನ ಅಂಚಿಗೆ ಕೆಂಪು ಬಂದಿರುತ್ತದೆ. ಒರೆಸಿ ಒಣಗಿಸಿ ಮತ್ತೆ ಅದ್ದಬೇಕು. ದಿನಾ ಆಫೀಸಿಗೆ ಸೈಕಲ್ಲಿನಲ್ಲಿ ಹೋಗುವವರು ಮಳೆಗಾಲವಿಡೀ ಇದನ್ನು ಮಾಡುತ್ತ ಕೂರಲಾರರು. ಅಂಥವರಿಗೆ ನಾಲ್ಕು ತಿಂಗಳು ವೆಟ್, ಉಳಿದ ಎಂಟು ತಿಂಗಳು ಡ್ರೈ ಎನ್ನುವ ಪಾಠವೇ ಸರಿ. ಎರಡು ಚೈನು ಇಟ್ಟುಕೊಂಡು ಸರದಿಯಲ್ಲಿ ಅದ್ದುವಷ್ಟು ಉಮೇದು ಇರುವವರಿಗೆ ಮೇಣ.

ಹಾಕುವ ಬಗೆ

ಎಣ್ಣೆ ಹಾಕುವ ಮೊದಲು ಒರೆಸಬೇಕು. ಕೊಳೆಯ ಮೇಲೆ ಎಣ್ಣೆ ಸುರಿದರೆ ಹೊರಗಿದ್ದ ಮಣ್ಣನ್ನು ತೊಳೆದು ಒಳಗೆ ಕಳಿಸಿದ ಹಾಗಾಗುತ್ತದೆ. ಹಳೆ ಬನಿಯನ್ ತುಂಡನ್ನು ಚೈನಿನ ಕೆಳಗಿನ ಸಾಲಿಗೆ ಸುತ್ತಿ ಹಿಡಿದು, ಪೆಡಲನ್ನು ಹಿಂದಕ್ಕೆ ಹದಿನೈದು ಇಪ್ಪತ್ತು ಸುತ್ತು ತಿರುಗಿಸಿ. ಬಟ್ಟೆಯ ಜಾಗ ಬದಲಿಸುತ್ತ ಇರಿ. ಬೆರಳು ಹಲ್ಲಿನ ಹತ್ತಿರ ಹೋಗದಿರಲಿ. ಗೇರಿನ ಸೈಕಲ್ಲಾದರೆ ಹಿಂದಿನ ಡಿರೇಲರಿನ, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ತೋಳಿನ, ಎರಡು ಪುಟ್ಟ ಚಕ್ರಗಳನ್ನು ನೋಡಿ, ಅಂಚಿನಲ್ಲಿ ಕಪ್ಪು ಮುದ್ದೆ ಕಟ್ಟಿರುತ್ತದೆ. ಸ್ಕ್ರೂಡ್ರೈವರ್ ತುದಿ ತಾಗಿಸಿ ಪೆಡಲು ತಿರುಗಿಸಿದರೆ ಸುರುಳಿಯಾಗಿ ಬಿಟ್ಟುಬರುತ್ತದೆ. ಅದನ್ನು ಬಿಟ್ಟು ಚೈನನ್ನು ಮಾತ್ರ ತೊಳೆದರೆ ಎರಡೇ ದಿನಕ್ಕೆ ಚೈನು ಮತ್ತೆ ಕಪ್ಪು.

ಇನ್ನು ಎಣ್ಣೆ. ಕೆಳಗಿನ ಸಾಲಿನ ಮೇಲ್ಮೈಗೆ, ಅಂದರೆ ಹಲ್ಲಿಗೆ ತಾಗುವ ಒಳಬದಿಗೆ, ಪ್ರತಿ ರೋಲರಿಗೆ ಒಂದು ಹನಿ. ಚೈನಿನ ಎರಡು ತುದಿ ಕೂಡಿಸುವ, ಬಿಚ್ಚಬಹುದಾದ ಕೊಂಡಿಯಿಂದ (ಕ್ವಿಕ್ ಲಿಂಕ್) ಶುರುಮಾಡಿದರೆ ಸುತ್ತು ಮುಗಿದದ್ದು ಗೊತ್ತಾಗುತ್ತದೆ. ಗೇರು ಚೈನಿನಲ್ಲಿ 114–118 ಕೊಂಡಿಗಳಿರುವುದರಿಂದ ಒಟ್ಟು ಐದಾರು ಮಿಲಿಲೀಟರ್, ಅಷ್ಟೇ. 100 ಮಿ.ಲೀ. ಬಾಟಲಿ ನಾಲ್ಕೈದು ಸಲಕ್ಕೇ ಖಾಲಿಯಾಗುತ್ತಿದ್ದರೆ ಹೆಚ್ಚು ಸುರಿಯುತ್ತಿದ್ದೀರಿ. ಹನಿ ಹಾಕಿದ ಮೇಲೆ ಒಂದೆರಡು ನಿಮಿಷ ಪೆಡಲು ಹಿಂದಕ್ಕೆ ತಿರುಗಿಸಿ, ಕೊಂಡಿಗಳು ಮಡಚಿ ಬಿಚ್ಚುವಾಗ ಎಣ್ಣೆ ಒಳಗೆ ಎಳೆದುಕೊಳ್ಳುತ್ತದೆ. ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಒಣ ಬಟ್ಟೆಯಿಂದ ಮತ್ತೆ ಒರೆಸಿ, ಈ ಸಲ ಇನ್ನೂ ಗಟ್ಟಿಯಾಗಿ. ಪ್ಲೇಟಿನ ಮೇಲೆ ಬೆರಳಿಟ್ಟರೆ ತೆಳು ಗುರುತು ಮಾತ್ರ ಹತ್ತಬೇಕು. ಈ ಕೊನೆಯ ಒರೆಸುವಿಕೆಯನ್ನೇ ಹೆಚ್ಚಿನವರು ಬಿಟ್ಟುಬಿಡುವುದು. ದುಬಾರಿ ಎಣ್ಣೆ ಹಾಕಿ ಒರೆಸದ ಚೈನಿಗಿಂತ ಸಾಧಾರಣ ಎಣ್ಣೆ ಹಾಕಿ ಒರೆಸಿದ ಚೈನು ಹೆಚ್ಚು ಬಾಳುತ್ತದೆ.

ಮತ್ತೆ ಯಾವಾಗ ಹಾಕಬೇಕು ಎಂದು ಚೈನೇ ಹೇಳುತ್ತದೆ. ಕೀಚ್ ಕೀಚ್ ಎಂದರೆ ಒಣಗಿದೆ, ಆ ಸದ್ದು ಬರುವಷ್ಟು ಬಿಡಬಾರದಿತ್ತು. ಕರಕರ ಎಂದರೆ ಒಳಗೆ ಮಣ್ಣಿದೆ, ಎಣ್ಣೆಯಲ್ಲ ತೊಳೆತ ಬೇಕು. ಚೈನಿನ ಪ್ರತಿ ಸುತ್ತಿಗೊಮ್ಮೆ ಟಿಕ್ ಎಂದು ನೆಗೆದರೆ ಒಂದು ಕೊಂಡಿ ಬಿಗಿದಿದೆ. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಡಿರೇಲರ್ ಚಕ್ರದ ಬಳಿ ನೋಡಿದರೆ ಆ ಕೊಂಡಿ ನೆಟ್ಟಗಾಗದೆ ಎದ್ದು ಕಾಣುತ್ತದೆ. ಒಂದು ಹನಿ ಹಾಕಿ, ಎರಡು ಹೆಬ್ಬೆರಳಿನಿಂದ ಅಡ್ಡಡ್ಡ ಬಗ್ಗಿಸಿದರೆ ಸಾಮಾನ್ಯವಾಗಿ ಬಿಡುತ್ತದೆ.

ಪೂರ್ತಿ ತೊಳೆಯುವುದು

ಚೈನು ಬಿಚ್ಚಿ ತೊಳೆಯಲು ಅಗಲ ಬಾಯಿಯ ಒಂದು ಲೀಟರ್ ಬಾಟಲಿ, 200 ಮಿ.ಲೀ. ಸೀಮೆಎಣ್ಣೆ ಅಥವಾ ಪೇಂಟ್ ಅಂಗಡಿಯ ಟರ್ಪೆಂಟೈನ್ ಸಾಕು. ಚೈನು ಒಳಗೆ ಹಾಕಿ, ಮುಚ್ಚಳ ಬಿಗಿದು ಒಂದೆರಡು ನಿಮಿಷ ಕುಲುಕಿ, ಬಗ್ಗಿಸಿ. ಎರಡನೇ ಸಲ, ಮೂರನೇ ಸಲ ಹೊಸ ದ್ರವ. ಕೊನೆಯದು ತಿಳಿಯಾಗಿ ಉಳಿದರೆ ಒಳಗೆ ಶುದ್ಧವಾಗಿದೆ ಎಂದು ಲೆಕ್ಕ. ಕೊಳೆ ದ್ರವವನ್ನು ಚರಂಡಿಗೆ ಚೆಲ್ಲಬೇಡಿ. ಒಂದು ದಿನ ಬಿಟ್ಟರೆ ಕಸ ತಳ ಸೇರುತ್ತದೆ, ಮೇಲಿನ ತಿಳಿ ಮುಂದಿನ ಸಲದ ಮೊದಲ ತೊಳೆತಕ್ಕೆ ಬರುತ್ತದೆ. ಸೀಮೆಎಣ್ಣೆ ತಾನೂ ತೆಳು ಜಿಡ್ಡು ಬಿಡುವುದರಿಂದ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಬಿಸಿನೀರಿನಲ್ಲಿ ಜಾಲಿಸಿ ಬಿಸಿಲಿಗೆ ಒಣಗಿಸಿ. ಮೇಣ ಅದ್ದುವುದಾದರೆ ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲೂ ಒಮ್ಮೆ ಕುಲುಕಬೇಕು. ಪೆಟ್ರೋಲ್ ಬೇಡ. ಚೆನ್ನಾಗಿ ತೊಳೆಯುತ್ತದೆ ನಿಜ, ಅದರ ಆವಿ ನೆಲದಲ್ಲೇ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ.

ತುಕ್ಕು ಬಿಡಿಸಲು ವಿನೆಗರ್, ನಿಂಬೆರಸ, ಟಾಯ್ಲೆಟ್ ಕ್ಲೀನರ್, ಬ್ಯಾಟರಿ ಆ್ಯಸಿಡ್ ಬಳಸುವವರಿದ್ದಾರೆ. ಗಟ್ಟಿ ಮಾಡಿದ ಉಕ್ಕಿಗೆ ಆ್ಯಸಿಡ್ ತಾಗಿದರೆ ಹೈಡ್ರೋಜನ್ ಒಳಸೇರಿ ಲೋಹ ಪೆಡಸಾಗುತ್ತದೆ. ಹೊರಗೆ ಹೊಳೆಯುತ್ತಿರುವ ಚೈನು ಏರಿನಲ್ಲಿ ಎದ್ದು ನಿಂತು ತುಳಿದಾಗ ಪಟ್ಟೆಂದು ತುಂಡಾಗಬಹುದು. ಆ್ಯಸಿಡ್, ಕ್ಷಾರ ಎರಡನ್ನೂ ಬಳಸಬಾರದೆಂದು ಸೈಕಲ್ ಬಿಡಿಭಾಗಗಳ ಕಂಪನಿ ಶಿಮಾನೊ ತನ್ನ ಕೈಪಿಡಿಗಳಲ್ಲೇ ಎಚ್ಚರಿಸುತ್ತದೆ. ಬೈಕ್ ವಾಶಿನ ಪ್ರೆಷರ್ ಪೈಪನ್ನು ಚೈನಿಗೂ ಚಕ್ರದ ನಡುವಿನ ಹಬ್‌ಗೂ ಹಿಡಿಸಬೇಡಿ. ಮಣ್ಣು ನೀರಿನೊಂದಿಗೆ ಸೀಲು ದಾಟಿ ಒಳಗೆ ಹೋಗುತ್ತದೆ.

ಬಿಚ್ಚುವ ಮೊದಲು ಕ್ವಿಕ್ ಲಿಂಕ್ ಯಾವುದೆಂದು ನೋಡಿಕೊಳ್ಳಿ. ಚೈನು ಮಾಡುವ ಕಂಪನಿಗಳ ಪೈಕಿ ಕೆಎಂಸಿಯ ಕೆಲವನ್ನು ಮತ್ತೆ ಹಾಕಬಹುದು, ಶಿಮಾನೊದ 11–12 ಗೇರಿನವು, ಸ್ರ್ಯಾಮ್‌ನ ಪವರ್‌ಲಾಕ್ ಒಂದೇ ಸಲಕ್ಕೆ. ಗೇರಿಲ್ಲದ ಸೈಕಲ್ಲಿನ ಚೈನ್ ಲಾಕಿಗೆ ಸಣ್ಣ ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಬೇಕು, ತೆರೆದ ಬಾಯಿ ಹಿಂದಕ್ಕೆ. ತಿರುಗುಮುರುಗಾಗಿ ಹಾಕಿದರೆ ಏನಾದರೂ ತಗುಲಿ ಕ್ಲಿಪ್ ಹಾರಿಹೋಗುತ್ತದೆ. ಹಿಂದಿನ ಚಕ್ರ ಕೂರಿಸುವಾಗ ಚೈನು ನಡುವೆ ಅರ್ಧ ಇಂಚಿನಷ್ಟು ಮೇಲೆ ಕೆಳಗೆ ಆಡಬೇಕು. ತಂತಿಯಂತೆ ಬಿಗಿದರೆ ಬೇರಿಂಗೂ ಚೈನೂ ಬೇಗ ಹೋಗುತ್ತವೆ.

ಅಳತೆ

ಸವೆತ ಅಳೆಯುವ ಚೈನ್ ಚೆಕರ್ ಇಲ್ಲದಿದ್ದರೆ ಮರಗೆಲಸದ ಟೇಪು ಸಾಕು. ಟೇಪಿನ ಕೊಕ್ಕೆ ತುದಿ ಸಡಿಲವಿರುವುದರಿಂದ ಸೊನ್ನೆಯಿಂದ ಅಳೆಯದೆ 10 ಸೆಂ.ಮೀ. ಗೆರೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿಯಿರಿ. ಚೈನು ಬಿಗಿಯಾಗಿರಲು ಬ್ರೇಕು ಹಿಡಿದು ಪೆಡಲನ್ನು ಒತ್ತಿಕೊಂಡು ಮೇಲಿನ ಸಾಲಿನಲ್ಲಿ ಅಳೆಯಬೇಕು. ಅಲ್ಲಿಂದ 24 ಕೊಂಡಿ ಎಣಿಸಿ. ಹೊಸ ಚೈನಿನಲ್ಲಿ 24ನೆಯ ಪಿನ್ನಿನ ನಡು 404.8 ಮಿ.ಮೀ.ಗೆ ಬರುತ್ತದೆ. 406.3ಕ್ಕೆ ಬಂದರೆ ಶೇ. 0.5 ಸವೆದಿದೆ, 11–12 ಗೇರಿನದಾದರೆ ಬದಲಿಸಿ. 10 ಗೇರಿನವರೆಗಿನವು 407.1, ಅಂದರೆ ಶೇ. 0.75ರ ತನಕ ತಾಳುತ್ತವೆ. ಗೇರಿಲ್ಲದ ಸೈಕಲ್ಲಾದರೆ 407.8, ಶೇ. 1ರವರೆಗೆ ಹೋಗಲಿ.

ಅಷ್ಟಕ್ಕೂ ಮೀರಿ ಓಡಿಸಿದರೆ ಉದ್ದವಾದ ಚೈನು ಹಲ್ಲುಗಳನ್ನೂ ತನ್ನ ಅಳತೆಗೆ ತೇದುಕೊಳ್ಳುತ್ತದೆ. ಆಮೇಲೆ ಹೊಸ ಚೈನು ಹಾಕಿದರೂ ಏರಿನಲ್ಲಿ ಬಲ ಹಾಕಿದಾಗ ಜಿಗಿಯುತ್ತದೆ. ಜಿಗಿಯುವುದು ಯಾವಾಗಲೂ ಹೆಚ್ಚು ಬಳಸಿದ ಒಂದೆರಡು ಸ್ಪ್ರಾಕೆಟ್ಟಿನಲ್ಲಿ. ಇಡೀ ಕ್ಯಾಸೆಟ್, ಅಂದರೆ ಹಿಂದಿನ ಸ್ಪ್ರಾಕೆಟ್ಟುಗಳ ಗೊಂಚಲು, ಬದಲಿಸಲೇಬೇಕಾಗಿ ಬರುವುದು ಆಗ, ಅದರ ಬೆಲೆ ಸಾಮಾನ್ಯವಾಗಿ ಚೈನಿಗಿಂತ ಹೆಚ್ಚು. ಹೊಸ ಚೈನು ಹಾಕಿಸಿದ ದಿನ ಅಂಗಡಿಯಿಂದ ಹೊರಡುವ ಮೊದಲು ಪ್ರತಿ ಗೇರಿನಲ್ಲೂ ಒಮ್ಮೆ ಗಟ್ಟಿಯಾಗಿ ತುಳಿದು ನೋಡಿ. ಜಿಗಿತ ಅಲ್ಲೇ ಗೊತ್ತಾದರೆ ಕ್ಯಾಸೆಟ್ಟಿನ ಮಾತು ಅಲ್ಲೇ ಆಡಬಹುದು.